ಗ್ರಾವಿಟಿ ಯಂತ್ರಕ್ಕೆ ಬೀಜ ಸುರಿದು ಚಹಾ ಕುಡಿಯಲು ಹೋಗಬೇಡಿ

ಹಿಂಗಾರಿಗೆ ಕಡಲೆ ಬೀಜ ಹಸನು ಮಾಡಿಸಲು ಹೊರಟವರು ಇದನ್ನು ಓದಿಕೊಂಡು ಹೋಗಿ. ಕಳೆದ ಅಕ್ಟೋಬರ್‌ನಲ್ಲಿ ನಾನು ಆರು ಎಕರೆ ಬಿತ್ತನೆ ಕೆಡಿಸಿಕೊಂಡಿದ್ದೇನೆ.

ನಮ್ಮದು ಅಕ್ಕಲಕೋಟೆ ತಾಲ್ಲೂಕು, ಎರೆ ಭೂಮಿ. ಮನೆಯ ಕಡಲೆಯನ್ನೇ ಬೀಜಕ್ಕೆ ಇಟ್ಟುಕೊಳ್ಳುತ್ತೇವೆ. ಫೆಬ್ರವರಿಯಲ್ಲಿ ರಾಶಿ ಮಾಡಿದ ಐದು ಕ್ವಿಂಟಲ್‌ಗೆ ಮಳೆಗಾಲದಲ್ಲಿ ಅಲ್ಲಲ್ಲಿ ನುಸಿ ಹತ್ತಿತ್ತು. ಮೊದಲಾದರೆ ಅಷ್ಟನ್ನೂ ಅವ್ವ ಮೊರದಲ್ಲಿ ಕೇರುತ್ತಿದ್ದಳು. ಈ ವಯಸ್ಸಿನಲ್ಲಿ ಬೇಡವೆಂದು ನಾನೇ ತಡೆದು, ಬಾಡಿಗೆಗೆ ಹಸನು ಮಾಡಿಕೊಡುವ ಕಡೆಗೆ ಚೀಲ ಹೊತ್ತೊಯ್ದೆ.

ಅಲ್ಲಿ ಟ್ರ್ಯಾಕ್ಟರ್‌ಗಳ ಸಾಲು. ಓಡುತ್ತಿದ್ದದ್ದು ತೂಕ ನೋಡಿ ಕಾಳು ಬೇರ್ಪಡಿಸುವ ಗ್ರಾವಿಟಿ ಯಂತ್ರ ಒಂದೇ. ಗಾತ್ರ ನೋಡಿ ಬೇರ್ಪಡಿಸುವ ಜರಡಿ ಯಂತ್ರ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಅದಕ್ಕೆ ಹಾಕುವುದಿಲ್ಲವೇ ಎಂದರೆ, ನಡೆಸುವ ಹುಡುಗ, “ಬೇಕಾಗಿಲ್ಲ ಕಾಕಾ, ಇದೇ ಎಲ್ಲ ಮಾಡುತ್ತದೆ. ಚಹಾ ಕುಡಿದು ಬನ್ನಿ” ಎಂದ. ಹೋದೆ. ನನ್ನ ಮೊದಲ ತಪ್ಪು ಅದೇ.

ಆ ಯಂತ್ರ ಎಲ್ಲವನ್ನೂ ಮಾಡುವುದಿಲ್ಲ. ಓರೆಯಾಗಿ ಅಲುಗಾಡುವ ಜಾಲರಿ ಹಾಸು, ಕೆಳಗಿನಿಂದ ಗಾಳಿ. ಹಗುರ ಕಾಳು ಗಾಳಿಯಲ್ಲಿ ತೇಲಿ ತಗ್ಗಿಗೆ ಜಾರುತ್ತದೆ. ಭಾರದ ಕಾಳು ಜಾಲರಿಗೆ ಅಂಟಿ, ಅಲುಗಾಟಕ್ಕೆ ಮೇಲೇರುತ್ತದೆ. ಆದರೆ ಕಾಳುಗಳೆಲ್ಲ ಒಂದೇ ಗಾತ್ರದಲ್ಲಿದ್ದರೆ ಮಾತ್ರ ಈ ಲೆಕ್ಕ ಸರಿ. ನುಸಿ ಕೊರೆದ ದಪ್ಪ ಕಾಳೂ ಗಟ್ಟಿಯಾದ ಸಣ್ಣ ಕಾಳೂ ಅದರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಮೊದಲು ಜರಡಿ ಹಿಡಿಯಬೇಕಾದದ್ದು ಅದಕ್ಕೇ.

ತಿರುಗಿ ಬಂದಾಗ ಹಾಸಿನ ಒಂದು ಮೂಲೆ ಬರಿದಾಗಿತ್ತು, ಗಾಳಿಯೆಲ್ಲ ಅಲ್ಲಿಂದಲೇ ನುಗ್ಗುತ್ತಿತ್ತು. ಉಳಿದೆಡೆ ಕಾಳು ಕದಲದೆ ದಪ್ಪಗೆ ಬಿದ್ದಿತ್ತು. ಗಾಳಿ ಹದವಾಗಿದ್ದರೆ ಹಾಸಿನ ತುಂಬ ಕಾಳು ಕುದಿಯುವ ಅನ್ನದಂತೆ ಸಣ್ಣಗೆ ಅಲುಗಬೇಕು. ಇದು ನನಗೆ ಆಮೇಲೆ ತಿಳಿದದ್ದು. ನಡುವಿನ ಬಾಯಿಯಿಂದ ಬೀಳುವ ಮಿಶ್ರ ಕಾಳನ್ನು ಮತ್ತೆ ಮೇಲೆ ಸುರಿಯಬೇಕು. ಆ ಹುಡುಗ ಅದನ್ನೂ ಬೀಜದ ಚೀಲಕ್ಕೇ ತುಂಬಿದ್ದ. ಬೀಜ ಹೆಚ್ಚು ಬಂದಂತೆ ಕಂಡು ನಾನು ಹಿಗ್ಗಿದ್ದೂ ಸುಳ್ಳಲ್ಲ. ಹಗುರ ಕಾಳು, ಸುಮಾರು ತೊಂಬತ್ತು ಕಿಲೋ, ಯಂತ್ರದವರಿಗೆ ಬಿಡುವುದು ರೂಢಿಯಂತೆ. ಬಿಟ್ಟೆ. ಅದರಿಂದ ಒಂದು ಹಿಡಿ ಮಾತ್ರ ತೆಗೆದು ಜೇಬಿಗೆ ಹಾಕಿಕೊಂಡೆ.

ಭೂಮಿಯ ಹಸಿ ಆರುತ್ತದೆಂಬ ಅವಸರದಲ್ಲಿ ಮರುದಿನವೇ ಬಿತ್ತಿದೆವು. ಹತ್ತು ದಿನಕ್ಕೆ ಸಾಲಿನಲ್ಲಿ ಮಾರುದ್ದದ ಖಾಲಿಗಳು. ಅವ್ವ ಏನೂ ಅನ್ನಲಿಲ್ಲ. ಉಳಿದ ಚೀಲದಿಂದ ಎರಡು ಹಿಡಿ ಮೊರಕ್ಕೆ ಹಾಕಿ ನಾಲ್ಕು ಸಲ ಕೇರಿದಳು. ತೂತು ಬಿದ್ದ ಟೊಳ್ಳು ಕಾಳುಗಳು ಮೊರದ ತುದಿಗೆ ಬಂದು ನಿಂತವು. ಒಳಬದಿಯಲ್ಲಿ ಉಳಿದದ್ದರಲ್ಲೂ ಕಡಲೆ ಗಾತ್ರದ ಎರೆಮಣ್ಣಿನ ಗುಂಡುಗಳಿದ್ದವು. ನೀರು ಚಿಮುಕಿಸಿದರೆ ಕರಗಿ ಹೋದವು. ಮಣ್ಣೂ ಕಲ್ಲೂ ಭಾರ ನೋಡಿ, ಒಳ್ಳೆಯ ಬೀಜದ ಜೊತೆಗೇ ಮೇಲೇರಿ ಬರುತ್ತವೆ. ಅದಕ್ಕೆ ಕಲ್ಲು ತೆಗೆಯುವ ಯಂತ್ರ ಬೇರೆಯೇ ಇರಬೇಕು.

ಹೋಗುವುದಾದರೆ ಮೊದಲು ಜರಡಿ ಹಿಡಿಸಿ, ಇಲ್ಲವೆಂದರೆ ಚೀಲ ಇಳಿಸಲೇಬೇಡಿ. ಹಾಸು ತುಂಬುವವರೆಗೆ ಬಂದ ಕಾಳನ್ನು ವಾಪಸು ಸುರಿಸಿ. ಬೀಜ ಬೀಳುವ ಬಾಯಿಗೂ ಹಗುರ ಕಾಳು ಬೀಳುವ ಬಾಯಿಗೂ ಆಗಾಗ ಅಂಗೈ ಒಡ್ಡಿ ನೋಡಿ. ಇಷ್ಟಾದರೂ ಒಳಗೇ ಸತ್ತ ಹಳೆಯ ಕಾಳನ್ನು ತೂಕದಿಂದ ಹಿಡಿಯಲಾಗದು. ಬಿತ್ತುವ ವಾರ ಮೊದಲೇ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ. ಪ್ರಮಾಣಿತ ಕಡಲೆ ಬೀಜಕ್ಕೆ ಕನಿಷ್ಠ 85 ಮೊಳೆಯಬೇಕೆಂಬ ನಿಯಮವಿದೆ.

ನಾನು ಬಿತ್ತಿದ ಮೇಲೆ ಆ ಪರೀಕ್ಷೆ ಮಾಡಿದೆ. ನೂರರಲ್ಲಿ 64 ಮೊಳೆತವು. ಪಕ್ಕದಲ್ಲೇ, ಜೇಬಿನಲ್ಲಿ ತಂದಿದ್ದ ಹಗುರ ಕಾಳಿನಲ್ಲಿ ಸಣ್ಣಗೆ ಗಟ್ಟಿಯಾಗಿದ್ದ ಇಪ್ಪತ್ತನ್ನು ಆರಿಸಿ ಇಟ್ಟಿದ್ದೆ. ಹತ್ತೊಂಬತ್ತು ಮೊಳೆತವು.