ತಂತಿ ಅವರದ್ದು, ಬಿಲ್ಲು ಇವರದ್ದು: ಬಾಡಿಗೆ ಲೈನ್ ಮೇಲೆ ಓಡೋ ಬ್ರಾಡ್‌ಬ್ಯಾಂಡ್ ರಿವ್ಯೂ

ಕಂಪ್ನಿ ಹೆಸರು ಹಾಕಲ್ಲ, ಯಾಕಂದ್ರೆ ಈ ಥರದ ಸರ್ವಿಸ್ ಯಾರ ಹತ್ರ ತಗೊಂಡ್ರೂ ಕಥೆ ಹೆಚ್ಚುಕಮ್ಮಿ ಇದೇನೇ. ನಾನು ತಗೊಂಡಿರೋದು ಲ್ಯಾಂಡ್‌ಲೈನ್ ಜೊತೆ ಬ್ರಾಡ್‌ಬ್ಯಾಂಡ್. ಮಾರೋದು ಒಂದು ಸಣ್ಣ ಕಂಪ್ನಿ, ಆದ್ರೆ ಮನೆವರೆಗೂ ಬಂದಿರೋ ತಾಮ್ರದ ತಂತಿ ಹಳೇ ದೊಡ್ಡ ಟೆಲಿಫೋನ್ ಕಂಪ್ನೀದು. ಸಣ್ಣವರು ಆ ತಂತೀನ ತಿಂಗಳ ಬಾಡಿಗೆಗೆ ತಗೊಂಡು, ದೊಡ್ಡವರ ಎಕ್ಸ್‌ಚೇಂಜ್ ಒಳಗೇ ತಮ್ಮದೊಂದು ರ‍್ಯಾಕ್ ಇಟ್ಕೊಂಡು, ನಮ್ಮ ಜೋಡಿ ತಂತೀನ ಅವರ ಮೆಷಿನ್ನಿಂದ ಬಿಡಿಸಿ ತಮ್ಮ ಮೆಷಿನ್ನಿಗೆ ಹಾಕಿಸ್ಕೊತಾರೆ. ಲೋಕಲ್ ಲೂಪ್ ಅನ್‌ಬಂಡ್ಲಿಂಗ್ ಅಂತಾರಲ್ಲ, ಅದು ಇಷ್ಟೇ. ಇದರಲ್ಲೇ ಇನ್ನೊಂದು ಬಗೆ ಇದೆ, ಲೈನ್ ಶೇರಿಂಗ್ ಅಂತ, ಮಾತಿಗೆ ಬೇಕಾಗೋ 4 ಕಿಲೋಹರ್ಟ್ಸ್ ತನಕದ ಭಾಗ ದೊಡ್ಡವರ ಹತ್ರಾನೇ ಉಳಿಯುತ್ತೆ, ಅದರ ಮೇಲಿನ ಫ್ರೀಕ್ವೆನ್ಸಿಲಿ ಸಣ್ಣವರು ಡಿಎಸ್‌ಎಲ್, ಅಂದ್ರೆ ಫೋನ್ ತಂತಿ ಮೇಲಿನ ಇಂಟರ್ನೆಟ್, ಓಡಿಸ್ತಾರೆ, ಮಧ್ಯೆ ಒಂದು ಸ್ಪ್ಲಿಟರ್ ಡಬ್ಬಿ ಅಷ್ಟೆ. ಒಂದೇ ತಂತಿ, ಇಬ್ಬರು ಯಜಮಾನ್ರು.

ಒಳ್ಳೇದು ಮೊದ್ಲು ಹೇಳ್ತೀನಿ. ಬಿಲ್ಲು ಕ್ಲಿಯರ್ ಆಗಿದೆ, ದೊಡ್ಡವರ ಪ್ಲಾನ್‌ಗಿಂತ ಕಮ್ಮಿ, ಎಲ್ಲೂ ಸಣ್ಣ ಅಕ್ಷರದಲ್ಲಿ ಬಚ್ಚಿಟ್ಟ ಚಾರ್ಜ್ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಮನುಷ್ಯರೇ ಎತ್ತುತ್ತಾರೆ. ಸ್ಪೀಡ್ ವಿಷ್ಯದಲ್ಲಿ ಅವರನ್ನ ಬೈದು ಪ್ರಯೋಜನ ಇಲ್ಲ, ಡಿಎಸ್‌ಎಲ್‌ನಲ್ಲೇ ಒಂದು ಬಗೆಯಾದ ಎಡಿಎಸ್‌ಎಲ್2 ಪ್ಲಸ್ ಅಂದ್ರೆ ಪೇಪರ್ ಮೇಲೆ 24 ಎಂಬಿಪಿಎಸ್, ಎಕ್ಸ್‌ಚೇಂಜಿಂದ ದೂರ ಆದಷ್ಟೂ ಇಳೀತಾ ಹೋಗುತ್ತೆ, ಯಾವ ಕಂಪ್ನಿ ಬೋರ್ಡ್ ಹಾಕ್ಕೊಂಡ್ರೂ ತಂತಿ ಉದ್ದ ಕಮ್ಮಿ ಆಗಲ್ಲ.

ತಂತಿ ಕೆಟ್ಟಾಗ ಮಾತ್ರ ಅಸಲಿ ಕಥೆ ಶುರು. ಮಳೆ ಬಂದಾಗೆಲ್ಲ ಲೈನಲ್ಲಿ ಕರಕರ ಸದ್ದು, ಮೋಡೆಮ್ ಲೈಟು ಮಿಣಮಿಣ ಅಂದು ಆರಿಹೋಗೋದು, ಮತ್ತೆ ತಾನೇ ಬರೋದು. ಫೋನ್ ಮಾಡಿದ್ರೆ ಪಾಪ ಹುಡುಗಿ ಮರ್ಯಾದೆಯಿಂದಾನೇ ಮಾತಾಡಿದ್ಲು, "ಸರ್, ಲೈನ್ ನಮ್ಮದಲ್ಲ, ಅವರಿಗೆ ಟಿಕೆಟ್ ಹಾಕಿದೀವಿ, ಅವರು ಡೇಟ್ ಕೊಟ್ಟ ಮೇಲೆ ಹೇಳ್ತೀವಿ" ಅಂದ್ಲು. ಸರಿ ಅಂತ ದೊಡ್ಡವರಿಗೆ ಫೋನ್ ಮಾಡಿದ್ರೆ, ನೀವು ನಮ್ಮ ಕಸ್ಟಮರ್ ಅಲ್ಲ, ನಿಮ್ಮ ಕಂಪ್ನಿ ಮೂಲಕಾನೇ ಬನ್ನಿ ಅಂತ ಇಟ್ಟುಬಿಟ್ರು. ಟಿಕೆಟ್ ಒಂದು ಸಲ ಮುಚ್ಚಿಹೋಗಿ ವಾಪಸ್ ಬಂತು, ಫಾಲ್ಟ್ ಸಿಗಲಿಲ್ಲ ಅಂತ. ಬಿಸಿಲಿರೋ ದಿನ ದೂರದಿಂದ ಟೆಸ್ಟ್ ಮಾಡಿದ್ರೆ ಎಲ್ಲಿ ಸಿಗುತ್ತೆ ಹೇಳಿ, ಅವರ ಟೆಸ್ಟ್ ನೋಡೋದು ತಂತಿ ತುಂಡಾಗಿದೆಯಾ, ಶಾರ್ಟ್ ಆಗಿದೆಯಾ ಅಂತ, ಒದ್ದೆ ಆದಾಗ ಮಾತ್ರ ಕೈ ಕೊಡೋ ಜಾಯಿಂಟ್ ಅದಕ್ಕೆ ಕಾಣೋದೇ ಇಲ್ಲ. ಅದೇ ಪೆಟ್ಟಿಗೆಯಿಂದ ಲೈನ್ ಎಳೆಸ್ಕೊಂಡಿರೋ ಪಕ್ಕದವರು ನೇರ ದೊಡ್ಡವರ ಕಸ್ಟಮರ್ರು, ಅವರದ್ದೂ ಹೀಗೇ ಆಗಿತ್ತು, ಅವರದ್ದು ಬೇಗ ರಿಪೇರಿ ಆಯ್ತು. ಬೇಕಂತ್ಲೇ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಅನುಮಾನ ಬರೋದಂತೂ ಸಹಜ ಅಲ್ವಾ.

ಕೊನೆಗೂ ಲೈನ್‌ಮ್ಯಾನ್ ಬಂದ್ರು, ದೊಡ್ಡವರ ಯೂನಿಫಾರ್ಮಲ್ಲೇ. ರಸ್ತೆ ಬದಿ ಪೆಟ್ಟಿಗೆ ಬಾಗಿಲು ತೆಗೆದ್ರೆ ಒಳಗೆ ಕೂದಲೆಳೆ ಥರ ಸಣ್ಣ ಸಣ್ಣ ಬಣ್ಣದ ತಂತಿ ಜೋಡಿಗಳು ನೂರಾರು, ಅದರಲ್ಲಿ ನಮ್ಮ ಜೋಡಿ ಯಾವ್ದು ಅಂತ ಟೋನ್ ಹಾಕಿ ಹುಡುಕಿದ್ರು, ಜಾಯಿಂಟ್ ಬಿಚ್ಚಿ ತೋರ್ಸಿದ್ರು, ತಾಮ್ರ ಹಸಿರು ಬಣ್ಣಕ್ಕೆ ತಿರುಗಿ ಪುಡಿ ಪುಡಿ ಆಗಿತ್ತು. ಅಷ್ಟನ್ನ ಕತ್ತರಿಸಿ ಬಿಸಾಕಿ, ಒಳಗೆ ಜೆಲ್ ತುಂಬಿರೋ ಪುಟ್ಟ ಕನೆಕ್ಟರಲ್ಲಿ ಎರಡು ತುದಿ ತೂರಿಸಿ ಪ್ಲೈಯರಲ್ಲಿ ಒತ್ತಿದ್ರು, ಟಕ್ ಅಂತು, ಮುಗೀತು. ಕೆಲ್ಸ ಕೆಲವೇ ನಿಮಿಷದ್ದು, ಕಾಯೋದೇ ಎಲ್ಲಾ. ಆಮೇಲಿಂದ ಎಷ್ಟೇ ಮಳೆ ಬಂದ್ರೂ ಲೈನ್ ಗಟ್ಟಿಯಾಗಿದೆ, ಲೈನ್‌ಮ್ಯಾನ್ ಕೆಲ್ಸಕ್ಕೆ ಐದಕ್ಕೆ ಐದು ಸ್ಟಾರ್, ಯಾವ ಕಂಪ್ನಿ ಆದ್ರೂ ಸರಿ.

ಹಂಗಾಗಿ ನನ್ನ ಪ್ರಕಾರ ಈ ಸರ್ವಿಸಲ್ಲಿ ನಾವು ದುಡ್ಡು ಕೊಟ್ಟು ತಗೊಳೋ ಅಸಲಿ ಮಾಲು ಸಣ್ಣ ಕಂಪ್ನಿಯ ಪ್ಲಾನ್ ಅಲ್ಲ, ದೊಡ್ಡ ಕಂಪ್ನಿಯ ರಿಪೇರಿ ಕ್ಯೂನಲ್ಲಿ ಒಂದು ಜಾಗ. ಆ ಕ್ಯೂ ಎಲ್ಲರಿಗೂ ಒಂದೇನಾ, ಇಲ್ಲಾ ಮನೆಯವರಿಗೊಂದು ಹೊರಗಿನವರಿಗೊಂದಾ ಅನ್ನೋದನ್ನ ರೆಗ್ಯುಲೇಟರ್ ನೋಡ್ಕೋಬೇಕು. ಅವರು ನೋಡ್ಕೊಳ್ಳದೇ ಇದ್ರೆ ಕಾಂಪಿಟಿಶನ್ ಬರೀ ಜಾಹೀರಾತಲ್ಲಿ ಇರುತ್ತೆ.

ಎಕ್ಸ್‌ಚೇಂಜ್ ಯಾರ ಕೈಲಿದ್ಯೋ ಅವರು ತಮ್ಮವರಿಗೆ ಅನುಕೂಲ ಮಾಡ್ಕೊಡ್ತಾರೆ ಅನ್ನೋ ದೂರು ಟೆಲಿಫೋನಿನಷ್ಟೇ ಹಳೇದು. ಅಮೆರಿಕದಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ ಇದ್ದ, ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡೋದು ಅವನ ವ್ಯಾಪಾರ. ಎದುರಾಳಿ ಹೆಂಡ್ತಿ ಟೆಲಿಫೋನ್ ಆಪರೇಟರ್ ಆಗಿದ್ಲಂತೆ, ಇವನಿಗೆ ಬರೋ ಕಾಲ್‌ನೆಲ್ಲಾ ಗಂಡನ ಅಂಗಡಿಗೆ ಹಾಕ್ತಿದ್ಲಂತೆ, ಆ ಸಿಟ್ಟಿಗೆ ಆಪರೇಟರೇ ಬೇಡದಿರೋ ಸ್ವಿಚ್ ಕಂಡುಹಿಡಿದ ಅಂತ ಕಥೆ. ಕಥೆ ಎಷ್ಟು ನಿಜಾನೋ, ಪೇಟೆಂಟ್ ಮಾತ್ರ 1891ರದ್ದು, ಅದು ನಿಜ. ಬೆಲ್ ಕಂಪ್ನಿಯ ಮೂಲ ಪೇಟೆಂಟುಗಳು 1893-94ರಲ್ಲಿ ಮುಗಿದ ಮೇಲೆ ಊರೂರಲ್ಲಿ ಬೇರೆ ಟೆಲಿಫೋನ್ ಕಂಪ್ನಿಗಳು ಎದ್ವು, ಆದ್ರೆ ಒಬ್ಬರ ಲೈನಿಂದ ಇನ್ನೊಬ್ಬರ ಲೈನಿಗೆ ಕಾಲ್ ಹೋಗ್ತಿರಲಿಲ್ಲ, ಅಂಗಡಿ ಇಟ್ಟೋರು ಮೇಜಿನ ಮೇಲೆ ಎರಡೆರಡು ಫೋನ್ ಇಟ್ಕೋಬೇಕಿತ್ತು. 1913ರಲ್ಲಿ ಸರ್ಕಾರದ ಒತ್ತಡಕ್ಕೆ ಬೆಲ್ ಗುಂಪಿನ ಒಡೆಯ ಎಟಿ ಅಂಡ್ ಟಿ ತನ್ನ ದೂರದ ಲೈನುಗಳಿಗೆ ಸ್ವತಂತ್ರ ಕಂಪ್ನಿಗಳನ್ನ ಸೇರಿಸ್ಕೊಳೋಕೆ ಒಪ್ಕೊಂತು, ಕಿಂಗ್ಸ್‌ಬರಿ ಕಮಿಟ್‌ಮೆಂಟ್ ಅಂತಾರೆ ಅದನ್ನ. ಇಂಟರ್‌ಕನೆಕ್ಷನ್ ಇಲ್ದೇ ಕಾಂಪಿಟಿಶನ್ ಬಂದ್ರೆ ಗ್ರಾಹಕನಿಗೆ ಎರಡು ಫೋನು, ಎರಡು ಬಿಲ್ಲು, ಇಷ್ಟೇ ಲಾಭ.

ಮನೆವರೆಗಿನ ತಂತೀನೇ ಹಂಚ್ಕೊಳ್ಳಿ ಅಂತ ಅಮೆರಿಕ ದೊಡ್ಡದಾಗಿ ಕಾನೂನು ಮಾಡಿದ್ದು 1996ರಲ್ಲಿ, ಟೆಲಿಕಮ್ಯುನಿಕೇಶನ್ಸ್ ಆಕ್ಟ್, ಅದರ 251ನೇ ಸೆಕ್ಷನ್. ಹಳೇ ಕಂಪ್ನಿ ತನ್ನ ನೆಟ್‌ವರ್ಕ್‌ನ ಬಿಡಿ ಬಿಡಿಯಾಗಿ ಬಾಡಿಗೆಗೆ ಕೊಡ್ಬೇಕು, ಎಕ್ಸ್‌ಚೇಂಜಲ್ಲಿ ಜಾಗ ಕೊಡ್ಬೇಕು, ನಂಬರ್ ಪೋರ್ಟ್ ಮಾಡ್ಕೊಡ್ಬೇಕು, ಎಲ್ಲಾ ಬರೆದಿಟ್ರು. ಬರೆದಿಟ್ಟ ತಕ್ಷಣ ಕೋರ್ಟ್ ಶುರು. ಬಾಡಿಗೆ ಎಷ್ಟು ಅನ್ನೋದೇ ದೊಡ್ಡ ಜಗಳ. ಅಲ್ಲಿನ ಟೆಲಿಕಾಂ ರೆಗ್ಯುಲೇಟರ್ ಎಫ್‌ಸಿಸಿ ಹೇಳಿದ್ದು ಏನಂದ್ರೆ, ನೀವು ಯಾವ ಕಾಲದಲ್ಲೋ ಎಷ್ಟು ಖರ್ಚು ಮಾಡಿದ್ರಿ ಅಂತ ನೋಡಲ್ಲ, ಇವತ್ತಿನ ಟೆಕ್ನಾಲಜೀಲಿ ದಕ್ಷವಾಗಿ ಕಟ್ಟಿದ್ರೆ ಎಷ್ಟಾಗುತ್ತೋ ಅದರ ಮೇಲೆ ಬಾಡಿಗೆ, ಅಂತ. ಟೆಲ್ರಿಕ್ ಅಂತ ಆ ಲೆಕ್ಕಕ್ಕೆ ಹೆಸರು. 2002ರಲ್ಲಿ ಸುಪ್ರೀಂ ಕೋರ್ಟ್ ಸರಿ ಅಂತು. ಅಷ್ಟು ಹೊತ್ತಿಗೆ ಬಾಡಿಗೆ ತಂತಿ ನಂಬ್ಕೊಂಡು ಡಿಎಸ್‌ಎಲ್ ಮಾರ್ತಿದ್ದ ನಾರ್ತ್‌ಪಾಯಿಂಟ್, ರಿದಮ್ಸ್, ಕೋವ್ಯಾಡ್ ಮೂರೂ 2001ರಲ್ಲೇ ದಿವಾಳಿ ಅರ್ಜಿ ಹಾಕಿ ಆಗಿತ್ತು. ಡಾಟ್‌ಕಾಮ್ ಗುಳ್ಳೆ ಒಡೆದಿದ್ದೂ ಒಂದು ಕಾರಣ, ಎಲ್ಲಾ ತಪ್ಪೂ ದೊಡ್ಡವರ ತಲೆಗೆ ಕಟ್ಟೋಕಾಗಲ್ಲ. ಆದ್ರೆ ಎಕ್ಸ್‌ಚೇಂಜಲ್ಲಿ ರ‍್ಯಾಕ್ ಇಡ್ಬೇಕಂದ್ರೆ ಸುತ್ತಲೂ ಪಂಜರ ಕಟ್ಟಿಸ್ಲೇಬೇಕು ಅಂತ ದೊಡ್ಡವರು ಕೇಳ್ತಿದ್ರಲ್ಲ, ಜಾಗಕ್ಕೂ ದುಡ್ಡು ಪಂಜರಕ್ಕೂ ದುಡ್ಡು, ಪಂಜರ ಇಲ್ದೇನೂ ಜಾಗ ಕೊಡಿ ಅಂತ ಹೇಳೋಕೆ 1999ರಲ್ಲಿ ಎಫ್‌ಸಿಸಿ ಪ್ರತ್ಯೇಕ ಆರ್ಡರ್ ಮಾಡಬೇಕಾಯ್ತು, ಅಂಥ ಸಣ್ಣಪುಟ್ಟ ಕಿರಿಕಿರಿಗಳೇ ಜಾಸ್ತಿ. 2003ರಲ್ಲಿ ಲೈನ್ ಶೇರಿಂಗ್ ಕಡ್ಡಾಯಾನೂ ಹಂತಹಂತವಾಗಿ ತೆಗೀತೀವಿ ಅಂದುಬಿಟ್ರು.

ಬೇರೆ ಕಡೆ ಇದೇ ಐಡಿಯಾ ಚೆನ್ನಾಗೇ ಕೆಲ್ಸ ಮಾಡ್ತು. ಜಪಾನಲ್ಲಿ ಅಲ್ಲಿನ ಹಳೇ ದೊಡ್ಡ ಕಂಪ್ನಿ ಎನ್‌ಟಿಟಿಯ ಲೈನ್ ತೆರೆಸಿದ್ರು, 2001ರಲ್ಲಿ ಸಾಫ್ಟ್‌ಬ್ಯಾಂಕ್‌ನೋರು ಯಾಹೂ ಬಿಬಿ ಅಂತ ಶುರು ಮಾಡಿ ರಸ್ತೇಲಿ ನಿಂತು ಮೋಡೆಮ್ ಹಂಚಿದ್ರು. ಫ್ರಾನ್ಸಲ್ಲಿ ಫ್ರೀ ಕಂಪ್ನಿ 2002ರಲ್ಲಿ ತಿಂಗಳಿಗೆ 29.99 ಯೂರೋ ಅಂತ ಬಂತು, ಉಳಿದೋರೆಲ್ಲ ಅದೇ ರೇಟಿನ ಸುತ್ತ ಸುತ್ತಬೇಕಾಯ್ತು. ಯುರೋಪಲ್ಲಿ 2000ರ ಕೊನೆಗೆ ಒಂದು ರೆಗ್ಯುಲೇಶನ್ ಬಂತು, ತಂತಿಯ ಒಡೆಯರು ಬಾಡಿಗೆ ಷರತ್ತು, ದರ ಎಲ್ಲಾ ಪಬ್ಲಿಕ್ಕಾಗಿ ಪಟ್ಟಿ ಹಾಕ್ಬೇಕು ಅಂತ, ರೆಫರೆನ್ಸ್ ಆಫರ್ ಅಂತಾರೆ. ಭಾರತದಲ್ಲಿ ಟೆಲಿಕಾಂ ರೆಗ್ಯುಲೇಟರ್ ಟ್ರಾಯ್ 2004ರಲ್ಲಿ ಲೂಪ್ ಬಿಡಿಸಿಕೊಡಿ ಅಂತ ಶಿಫಾರಸು ಮಾಡ್ತು, ಅದೇ ವರ್ಷದ ಬ್ರಾಡ್‌ಬ್ಯಾಂಡ್ ಪಾಲಿಸಿ ಅದನ್ನ ಕಡ್ಡಾಯ ಮಾಡದೇ, ಕಂಪ್ನಿಗಳು ಪರಸ್ಪರ ಒಪ್ಪಿ ವ್ಯವಹಾರ ಮಾಡ್ಕೊಳ್ಳಲಿ ಅಂತ ಬಿಡ್ತು. ಪರಸ್ಪರ ಒಪ್ಪಿಗೆ ಅಂತೆ! ತಂತಿ ಇರೋನು ಯಾಕೆ ಒಪ್ತಾನೆ ಸ್ವಾಮಿ.

ನನ್ನ ಕಂಪ್ಲೇಂಟ್‌ಗೆ ಸರಿಯಾದ ಉತ್ತರ ಹುಡುಕಿದ್ದು ಬ್ರಿಟನ್ನಿನೋರು ಅನ್ಸುತ್ತೆ. ಅಲ್ಲಿನ ಹಳೇ ದೊಡ್ಡ ಟೆಲಿಫೋನ್ ಕಂಪ್ನಿ ಬಿಟಿ ಒಳಗೇ ತಂತಿ, ಕಂಬ, ಪೈಪು ನೋಡ್ಕೊಳೋ ಭಾಗಾನ ಬೇರೆ ಮಾಡಿಸಿ 2006ರಲ್ಲಿ ಓಪನ್‌ರೀಚ್ ಅಂತ ನಿಲ್ಲಿಸಿದ್ರು. ಶರತ್ತು ಏನು ಗೊತ್ತಾ, ಬಿಟಿಯ ಸ್ವಂತ ರಿಟೇಲ್ ಅಂಗಡಿಗೂ ಹೊರಗಿನ ಕಂಪ್ನಿಗೂ ಅದೇ ಪ್ರಾಡಕ್ಟ್, ಅದೇ ರೇಟು, ಅದೇ ಸಿಸ್ಟಮ್ಮು, ಅದೇ ಟೈಮು. ಮೊದ್ಲು ಒಬ್ಬರಿಗೆ ಒಂದು ಕಂಪ್ಯೂಟರ್ ಪರದೆ, ಇನ್ನೊಬ್ಬರಿಗೆ ಫ್ಯಾಕ್ಸು ಅನ್ನೋ ಥರದ ಆಟ ನಡೀಬಾರದು ಅಂತ. ಆಮೇಲೆ 2014ರಲ್ಲಿ ಅಲ್ಲಿನ ರೆಗ್ಯುಲೇಟರ್ ಆಫ್‌ಕಾಮ್ ರಿಪೇರಿಗೆ, ಹೊಸ ಕನೆಕ್ಷನ್‌ಗೆ ಇಷ್ಟು ಟೈಮ್ ಒಳಗೆ ಆಗ್ಲೇಬೇಕು ಅಂತ ಕನಿಷ್ಠ ಮಟ್ಟ ಹಾಕ್ತು, 2019ರ ಏಪ್ರಿಲ್‌ನಿಂದ ರಿಪೇರಿ ತಡ ಆದ್ರೆ ಗ್ರಾಹಕ ಕೇಳದೇನೇ ಪರಿಹಾರ ಬಿಲ್ಲಲ್ಲಿ ಬರೋ ಸ್ಕೀಮೂ ಬಂತು, ಆ ಸ್ಕೀಮಿಗೆ ಸೇರಿರೋ ಕಂಪ್ನಿಗಳಲ್ಲಿ. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಯ್ತು, 2011ರಲ್ಲಿ ಟೆಲಿಕಾಂ ಕಂಪ್ನೀನೇ ಎರಡು ಹೋಳು, ತಂತಿ ನೋಡ್ಕೊಳೋ ಕೋರಸ್ ಬೇರೆ, ಮಾರೋ ಕಂಪ್ನಿ ಬೇರೆ. ಕೋರಸ್‌ಗೆ ತನ್ನದೇ ರಿಟೇಲ್ ಗ್ರಾಹಕರೇ ಇಲ್ಲ ಅಂದ್ಮೇಲೆ ಪಕ್ಕದವರದ್ದು ಮೊದ್ಲು ಮಾಡೋ ಆಸೆ ಎಲ್ಲಿಂದ ಬರ್ಬೇಕು.

ಈಗ ಇದೇ ಸರ್ವಿಸ್ ತಗೋಬೇಕು ಅಂತಿರೋರು ಒಂದು ಟೆಕ್ನಿಕಲ್ ವಿಷ್ಯ ತಿಳ್ಕೊಂಡಿರಿ, ಸ್ವಲ್ಪ ಬೋರು, ಆದ್ರೂ ಓದಿ. ಒಂದು ದಪ್ಪ ಕೇಬಲ್ ಒಳಗೆ ತುಂಬಾ ಜೋಡಿ ತಂತಿಗಳು ಅಂಟ್ಕೊಂಡು ಹೋಗ್ತವೆ, ಒಂದರ ಸಿಗ್ನಲ್ ಇನ್ನೊಂದಕ್ಕೆ ತಾಗುತ್ತೆ, ಒಂದೇ ರೂಮಲ್ಲಿ ಐವತ್ತು ಜನ ಫೋನಲ್ಲಿ ಮಾತಾಡಿದ ಹಾಗೆ. ಡಿಎಸ್‌ಎಲ್‌ನ ಇನ್ನೂ ವೇಗದ ಬಗೆ ವಿಡಿಎಸ್‌ಎಲ್, ಅದರಲ್ಲಿ ವೆಕ್ಟರಿಂಗ್ ಅನ್ನೋ ತಂತ್ರ ಈ ಗಲಾಟೇನ ಲೆಕ್ಕ ಹಾಕಿ ಕಳೆದುಬಿಡುತ್ತೆ, ಸ್ಪೀಡ್ ಚೆನ್ನಾಗಿ ಏರುತ್ತೆ, ಆದ್ರೆ ಅದಕ್ಕೆ ಆ ಕೇಬಲಿನ ಎಲ್ಲಾ ಜೋಡೀನೂ ಒಂದೇ ಮೆಷಿನ್ ಕೈಲಿರ್ಬೇಕು. ಅಂದ್ರೆ ನಿಮ್ಮ ಜೋಡಿ ಒಂದು ಕಂಪ್ನಿ ಮೆಷಿನ್ನು, ನಮ್ಮ ಜೋಡಿ ಇನ್ನೊಂದು ಅಂತ ಹಂಚ್ಕೊಂಡ್ರೆ ವೆಕ್ಟರಿಂಗ್ ಕೆಲ್ಸ ಮಾಡಲ್ಲ. ಫೈಬರಲ್ಲೂ ಇದೇ ಪಜೀತಿ, ಪಾನ್ ಅನ್ನೋ ಹಂಚಿಕೆ ಫೈಬರ್ ನೆಟ್‌ವರ್ಕಲ್ಲಿ ಎಕ್ಸ್‌ಚೇಂಜಿಂದ ಬರೋ ಒಂದೇ ಎಳೇನ ಮಧ್ಯದಲ್ಲಿ ಸ್ಪ್ಲಿಟರ್ ಹಾಕಿ 32 ಮನೆಗೋ ಎಷ್ಟಕ್ಕೋ ಒಡೀತಾರೆ, ಎಕ್ಸ್‌ಚೇಂಜಲ್ಲಿ ನಿಂತು ನಮ್ಮ ಮನೆ ಎಳೆ ಮಾತ್ರ ಬಿಡಿಸಿ ಕೊಡಿ ಅಂದ್ರೆ ಅಂಥ ಎಳೇನೇ ಇಲ್ಲ. ಅದಕ್ಕೇ ತಂತಿ ಬದ್ಲು ಅದರ ಮೇಲೆ ಹೋಗೋ ಡೇಟಾ ಪೈಪನ್ನೇ ಬಾಡಿಗೆಗೆ ಕೊಡ್ತಾರೆ, ಬಿಟ್‌ಸ್ಟ್ರೀಮ್ ಅಂತ. ಸಣ್ಣ ಕಂಪ್ನಿಗೆ ಸ್ವಂತ ಮೆಷಿನ್ ಇಡೋ ಖರ್ಚು ಉಳೀತು, ಜೊತೆಗೆ ಸ್ವಂತಿಕೇನೂ ಹೋಯ್ತು, ಎಲ್ಲರೂ ದೊಡ್ಡವರ ಅದೇ ಸ್ಪೀಡ್ ಪ್ಲಾನನ್ನ ಬೇರೆ ಬೇರೆ ಬಣ್ಣದ ಡಬ್ಬೀಲಿ ಮಾರ್ತಾರೆ. ನೆಲದೊಳಗಿನ ಪೈಪು, ಕಂಬಗಳನ್ನ ತೆರೆದುಕೊಡೋದು ಇನ್ನೊಂದು ದಾರಿ, ತಮ್ಮ ಫೈಬರ್ ತಾವೇ ಎಳ್ಕೊಳ್ಳಲಿ ಅಂತ, ನನಗೆ ಅದು ಹೆಚ್ಚು ಹಿಡಿಸುತ್ತೆ, ಆದ್ರೆ ಅದಕ್ಕೆ ಬಂಡವಾಳ ಬೇಕು, ಸಣ್ಣವರೆಲ್ಲರ ಕೈಲೂ ಆಗಲ್ಲ.

ಸ್ಟಾರ್ ಕೇಳಿದ್ರೆ ಮಾರೋರಿಗೆ ನಾಲ್ಕು, ತಂತಿ ಒಡೆಯರಿಗೆ ಎರಡು, ಅದೂ ಲೈನ್‌ಮ್ಯಾನ್ ಮುಖ ನೋಡಿ. ನಾನು ಬಿಡಲ್ಲ, ಮುಂದುವರಿಸ್ತೀನಿ, ಬಿಲ್ಲಿನ ವ್ಯತ್ಯಾಸ ಅಷ್ಟಿದೆ. ತಗೊಳೋರು ಪ್ಲಾನ್ ಕೇಳೋ ಮೊದ್ಲು ಮೂರು ಪ್ರಶ್ನೆ ಕೇಳಿ: ಇದು ನಿಮ್ಮದೇ ಮೆಷಿನ್ನಾ ಇಲ್ಲಾ ದೊಡ್ಡವರ ಪೈಪಾ, ಫಾಲ್ಟ್ ಆದ್ರೆ ರಿಪೇರಿಗೆ ಎಷ್ಟು ಟೈಮ್ ಅಂತ ದೊಡ್ಡವರು ನಿಮಗೆ ಬರೆದುಕೊಟ್ಟಿದಾರೆ, ತಡ ಆದ್ರೆ ನನ್ನ ಬಿಲ್ಲಲ್ಲಿ ಏನಾದ್ರೂ ಕಡಿತ ಆಗುತ್ತಾ. ಮೂರನೇ ಪ್ರಶ್ನೆಗೆ ತಡವರಿಸಿದ್ರೆ ಬೇರೆ ಕಂಪ್ನಿ ನೋಡಿ. ಹಳೇ ನಂಬರ್ ಬೇಕಂದ್ರೆ ಹಳೇ ಕನೆಕ್ಷನ್ ನೀವಾಗೇ ಕ್ಯಾನ್ಸಲ್ ಮಾಡೋಕೆ ಹೋಗ್ಬೇಡಿ, ಹೊಸಬರೇ ಪೋರ್ಟ್ ರಿಕ್ವೆಸ್ಟ್ ಹಾಕ್ಲಿ, ಯಾಕಂದ್ರೆ ಲೈನ್ ಸತ್ತ ಮೇಲೆ ನಂಬರ್ ಪೋರ್ಟ್ ಮಾಡ್ಸೋಕೆ ಹೋದ್ರೆ ಸಿಗೋ ಗ್ಯಾರಂಟಿ ಇರಲ್ಲ.