ಹಳೆ ಮದುವೆ ಕ್ಯಾಸೆಟ್‌ಗಳಿಗೆ ಪೈಸೀನ್‌ಡಿಟೆಕ್ಟ್

ಹಳೆ ವಿಎಚ್‌ಎಸ್, ಮಿನಿ ಡಿವಿ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಡುವುದು ನಮ್ಮ ಸ್ಟುಡಿಯೋದ ಕೆಲಸ. ಜಾಸ್ತಿ ಬರುವುದು ಮದುವೆ ಕ್ಯಾಸೆಟ್‌ಗಳೇ. ಮೂರು ಗಂಟೆಯ ಒಂದೇ ಫೈಲ್ ಕೊಟ್ಟರೆ ಯಾರು ಪೂರ್ತಿ ನೋಡುತ್ತಾರೆ? "ಸಾರ್, ನಮ್ಮಜ್ಜಿ ಬಂದಿರೋ ಕಡೆ ಎಲ್ಲಿದೆ ಹೇಳಿ" ಅಂತಾರೆ.

ಅದಕ್ಕೆ ನಾನು ಬಳಸುವುದು ಪೈಸೀನ್‌ಡಿಟೆಕ್ಟ್. ವಿಡಿಯೋದಲ್ಲಿ ದೃಶ್ಯ ಎಲ್ಲೆಲ್ಲಿ ಬದಲಾಗುತ್ತದೆ ಎಂದು ತಾನೇ ಹುಡುಕಿ, ತುಂಡು ಮಾಡಿಕೊಡುವ ಪೈಥಾನ್ ತಂತ್ರಾಂಶ. ಓಪನ್ ಸೋರ್ಸ್, ದುಡ್ಡಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಡ. ಇನ್ನೊಬ್ಬರ ಮನೆ ಮದುವೆ ನನ್ನ ಕಂಪ್ಯೂಟರ್ ಬಿಟ್ಟು ಆಚೆ ಹೋಗುವುದಿಲ್ಲ ಅನ್ನುವುದೇ ನನಗೆ ದೊಡ್ಡ ನೆಮ್ಮದಿ.

ಇದರ 'ಕಂಟೆಂಟ್' ವಿಧಾನ ಪ್ರತಿ ಫ್ರೇಮಿನ ಬಣ್ಣ, ಬಣ್ಣದ ಗಾಢತೆ, ಬೆಳಕು ಮೂರನ್ನೂ ಹಿಂದಿನ ಫ್ರೇಮಿನ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಮಿತಿ ದಾಟಿದರೆ ಅಲ್ಲೊಂದು ಕಟ್. ಮಿತಿ 27 ಎಂದು ಮೊದಲೇ ಇಟ್ಟಿರುತ್ತಾರೆ, ಬೇಕಾದಂತೆ ಬದಲಿಸಬಹುದು.

ಮದುವೆ ವಿಡಿಯೋದಲ್ಲಿ ಇದಕ್ಕೆ ಕಾಟ ಕೊಡುವುದು ಫ್ಲ್ಯಾಶ್. ಅಂತರಪಟ ಸರಿದು, ಗಂಡು ಹೆಣ್ಣು ಒಬ್ಬರ ತಲೆ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುವ ಹೊತ್ತಿಗೆ ಫೋಟೋದವರು ಪಟಪಟ ಹೊಡೆಯುತ್ತಾರೆ. ಸ್ಕ್ರೀನ್ ಬೆಳ್ಳಗಾದಾಗೆಲ್ಲ ಹೊಸ ದೃಶ್ಯ ಬಂತು ಅಂತ ಲೆಕ್ಕ. ಒಂದೇ ಶಾಟ್ ಚೂರುಚೂರಾಗುತ್ತದೆ. ದೃಶ್ಯದ ಕನಿಷ್ಠ ಉದ್ದವನ್ನು ಎರಡು ಸೆಕೆಂಡಿಗೆ ಏರಿಸಿ, ಈ ಕಾಟ ಬಹಳ ತಗ್ಗುತ್ತದೆ. ಊಟದ ಪಂಕ್ತಿಯ ಮೇಲೆ ಕ್ಯಾಮೆರಾ ಸರಸರ ಓಡುವ ಕಡೆ 'ಅಡಾಪ್ಟಿವ್' ವಿಧಾನ ವಾಸಿ. ಅದು ಅಕ್ಕಪಕ್ಕದ ಫ್ರೇಮ್‌ಗಳ ಸರಾಸರಿಯನ್ನೂ ನೋಡಿ ತೀರ್ಮಾನಿಸುತ್ತದೆ.

90ರ ದಶಕದ ಮಿಕ್ಸಿಂಗ್ ಮಾತ್ರ ಇದಕ್ಕೆ ಕಷ್ಟ. ಛತ್ರದ ಬಾಗಿಲು ನಿಧಾನಕ್ಕೆ ಕರಗಿ, ಅದರೊಳಗಿಂದ ಮದುಮಗಳ ಮುಖ ಮೂಡಿಬರುತ್ತಲ್ವಾ, ಅಂಥ ಕಡೆ ಒಂದು ಫ್ರೇಮಿಗೂ ಮುಂದಿನದಕ್ಕೂ ವ್ಯತ್ಯಾಸ ತೀರಾ ಕಡಿಮೆ. ಅಲ್ಲಿ ನಾನೇ ಕೂತು ಕತ್ತರಿಸುತ್ತೇನೆ.

ಇದು ದೃಶ್ಯ ಬೇರೆ ಮಾಡುತ್ತದೆಯೇ ಹೊರತು ಅದು ಧಾರೆಯೋ ಆರತಕ್ಷತೆಯೋ ಹೇಳುವುದಿಲ್ಲ. ನನಗದು ಕೊರತೆ ಅನ್ನಿಸಿಲ್ಲ. ಪ್ರತಿ ದೃಶ್ಯದಿಂದ ಮೂರು ಚಿತ್ರ ತೆಗೆದು, ಸಮಯದ ಸಮೇತ ಒಂದು ಪುಟದಲ್ಲಿ ಜೋಡಿಸಿ ಕೊಡುತ್ತದೆ. ಆ ಪುಟವನ್ನು ಮನೆಯವರ ಮುಂದೆ ಇಡುತ್ತೇನೆ. ಮಾಸಿದ ವಿಎಚ್‌ಎಸ್‌ನಲ್ಲಿ ಮೂಗು, ಕಣ್ಣು ಸರಿಯಾಗಿ ಕಾಣದಿದ್ದರೂ ಸೀರೆ ಅಂಚು ನೋಡಿಯೇ "ಇದು ಅಜ್ಜಿ" ಅಂತಾರೆ. ಹೆಸರು ಹಾಕುವ ಕೆಲಸ ಅವರದೇ ಆಗಿರಲಿ.

ಕಮಾಂಡ್ ಟೈಪ್ ಮಾಡಿ ಅಭ್ಯಾಸ ಇಲ್ಲದವರಿಗೆ ಶುರುವಿನಲ್ಲಿ ಸ್ವಲ್ಪ ತಡವರಿಕೆ ಇರುತ್ತದೆ. ಇಡೀ ಕ್ಯಾಸೆಟ್ ಒಮ್ಮೆಲೇ ಕೊಡಬೇಡಿ. ಧಾರೆ ಇರುವ ಹತ್ತು ನಿಮಿಷದ ಮೇಲೆ ಓಡಿಸಿ, ಕಟ್ ಸರಿ ಬಿದ್ದಿದೆಯಾ ನೋಡಿ, ಆಮೇಲೆ ಪೂರ್ತಿ ಕೊಟ್ಟು ಬೇರೆ ಕೆಲಸ ನೋಡಿಕೊಳ್ಳಿ.