ಪೋಪೈ: ಮಿಡತೆ ಹಾರುವ ಚೆಸ್ಸಿಗೆ ಇದೇ ಬೇಕು ಮಾರಾಯ್ರೆ
ಚೆಸ್ ಸಾಫ್ಟ್‌ವೇರ್ ಅಂದ್ರೆ ಎಲ್ರೂ ಸ್ಟಾಕ್‌ಫಿಶ್ ಹೆಸ್ರು ಹೇಳ್ತಾರೆ, ಆದ್ರೆ ಹೊಸ ಹೊಸ ಕಾಯಿ ಇಟ್ಟು, ರೂಲ್ಸನ್ನೇ ಬದಲಾಯಿಸಿ ಪ್ರಾಬ್ಲಮ್ ಕಟ್ಟುವ ನಮ್ಮಂಥವರಿಗೆ ಅದ್ರಿಂದ ಎಂತ ಉಪಯೋಗವೂ ಇಲ್ಲ. ನಮಗೆ ಬೇಕಾದ್ದು ಪೋಪೈ, ಇಂಥ ಪ್ರಾಬ್ಲಮಿಗೆ ಇರುವ ಎಲ್ಲಾ ಉತ್ತರ ಹುಡುಕಿ ಕೊಡುವ ಸಾಫ್ಟ್‌ವೇರ್. ಪೂರ್ತಿ ಫ್ರೀ, ಸೋರ್ಸ್ ಕೋಡ್ ಸಹ ಓಪನ್. ಈ ಮಳೆಗಾಲ ಇಡೀ ಉಡುಪಿಯ ಮನೆಯಲ್ಲಿ ಕೂತು ಬಳಸಿದ್ದೇನೆ, ಅದಕ್ಕೇ ಬರೀತಿರುವುದು.

ಹೀಗೆ ಹೊಸ ಕಾಯಿ, ಹೊಸ ರೂಲ್ಸಿನ ಚೆಸ್ಸಿಗೆ ಫೇರಿ ಚೆಸ್ ಅಂತಾರೆ, ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ಇಂಗ್ಲೆಂಡಿನ ಟಿ. ಆರ್. ಡಾಸನ್ 1913ರಲ್ಲಿ ಗ್ರಾಸ್‌ಹಾಪರ್ ಅಂತ ಒಂದು ಕಾಯಿ ತಂದ್ರು, ಅಂದ್ರೆ ಮಿಡತೆ. ಮಂತ್ರಿ ಹೋಗುವ ದಾರಿಯಲ್ಲೇ ಹೋಗ್ತದೆ, ಆದ್ರೆ ನಡುವೆ ಒಂದು ಕಾಯಿ ಇರ್ಲೇಬೇಕು, ಅದ್ರ ಮೇಲಿಂದ ಹಾರಿ ಸರಿಯಾಗಿ ಅದ್ರ ಆಚೆ ಮನೆಯಲ್ಲಿ ಇಳೀಬೇಕು, ಮುಂದೆ ಹೋಗ್ಲಿಕ್ಕಿಲ್ಲ. ಪುಸ್ತಕದ ಚಿತ್ರದಲ್ಲಿ ತಲೆಕೆಳಗಾದ ಮಂತ್ರಿ ಹಾಕ್ತಾರೆ, ಬೋರ್ಡಲ್ಲಿ ಅದು ನಿಲ್ಲುದಿಲ್ಲ, ನಾನು ಸೋಡಾ ಬಾಟ್ಲಿ ಮುಚ್ಚಳ ಇಡ್ತೇನೆ. ಇದ್ರ ಚೆಕ್ ನೋಡ್ಲಿಕ್ಕೆ ಎಷ್ಟು ಚಂದ! ಬಿಳಿ ಮಿಡತೆ ಎ1ರಲ್ಲಿ (ಅಕ್ಷರ ಅಂದ್ರೆ ನೇರ ಸಾಲು, ಅಂಕೆ ಅಂದ್ರೆ ಅಡ್ಡ ಸಾಲು), ಕಪ್ಪು ರಾಜ ಎ8ರಲ್ಲಿ, ನಡುವೆ ಎಲ್ಲಾ ಖಾಲಿ, ಎ7ರಲ್ಲಿ ಯಾವ್ದಾದ್ರೂ ಕಾಯಿ ಬಂದು ಕೂತ ಕೂಡ್ಲೇ ಚೆಕ್. ಆ ಕಾಯಿ ಎದ್ದು ಹೋದ್ರೆ ಚೆಕ್ಕೂ ಹೋಯ್ತು.

ನಾನು ಕಟ್ಟಿದ್ದು ಎರಡು ನಡೆಯ ಹೆಲ್ಪ್‌ಮೇಟ್. ಇದ್ರಲ್ಲಿ ಕಪ್ಪು ಮೊದ್ಲು ಆಡುದು, ಎರಡೂ ಕಡೆಯವ್ರು ಸೇರಿ ಕಪ್ಪು ರಾಜನಿಗೇ ಮೇಟ್ ಕೊಡ್ಸುದು. ಅಕ್ಕನ ಮಗಳು ನೋಡಿ "ಮಾಮ, ಕಪ್ಪು ತಾನೇ ಸೋಲ್ಲಿಕ್ಕೆ ಸಹಾಯ ಮಾಡುದಾ?" ಅಂತ ಕೇಳಿದ್ಳು, ಹೌದು ಮಗಾ, ಆದ್ರೆ ಉತ್ತರ ಒಂದೇ ಇರ್ಬೇಕು, ಕಷ್ಟ ಇರುದೇ ಅಲ್ಲಿ ಅಂದೆ. ನನ್ನ ಲೆಕ್ಕದಲ್ಲಿ ಕೊನೆಗೆ ಬಿಳಿ ಕುದುರೆ ಎ7ಕ್ಕೆ ಬಂದು ಮಿಡತೆಗೆ ಮೆಟ್ಟಿಲಾಗ್ಬೇಕಿತ್ತು. ಮೂರು ವಾರ ಕೂತು ಎಲ್ಲಾ ಸರಿ ಅಂತ ನಂಬಿದ್ದೆ. ಪೋಪೈಗೆ ಕೊಟ್ರೆ ಕಣ್ಣು ಮಿಟುಕಿಸುವಷ್ಟ್ರಲ್ಲಿ ಎರಡು ಉತ್ತರ ಬಂತು, ಜಿ1ರಲ್ಲಿದ್ದ ಬಿಳಿ ಒಂಟೆ, ಅಂದ್ರೆ ಬಿಷಪ್, ಸೀದಾ ಓರೆಯಲ್ಲಿ ಎ7ಕ್ಕೆ ಬರ್ಬಹುದು ಅಂತ ನನ್ನ ತಲೆಗೇ ಹೊಳೀಲಿಲ್ಲ. ಇ3ರಲ್ಲಿ ಒಂದು ಬಿಳಿ ಕಾಲಾಳು ಇಟ್ಟು ದಾರಿ ಮುಚ್ಚಿದೆ, ಮತ್ತೆ ಓಡಿಸಿದೆ, ಒಂದೇ ಉತ್ತರ. ಆ ಖುಷಿ ಹೇಳಿ ಪ್ರಯೋಜನ ಇಲ್ಲ. ಪ್ರಾಬ್ಲಮ್ ಪತ್ರಿಕೆಗಳಲ್ಲಿ ಸಿ+ ಅಂತ ಗುರ್ತು ಕಾಣ್ತದಲ್ಲ, ಕಂಪ್ಯೂಟರಲ್ಲಿ ಪರೀಕ್ಷೆ ಮಾಡಿ ಸರಿ ಉಂಟು ಅಂತ ಅದ್ರ ಅರ್ಥ, ಈ ಕೆಲ್ಸವೇ.

ಸುರುವಿಗೆ ಒಂದು ವಿಷಯ ಗಮನದಲ್ಲಿಡಿ. ಪೋಪೈಯ ಇಂಗ್ಲಿಷ್ ಕಮಾಂಡಲ್ಲಿ ಕುದುರೆಗೆ ಎನ್ ಅಲ್ಲ, ಎಸ್. ಎನ್ ಅಂತ ಹೊಡೆದ್ರೆ ಅದು ನೈಟ್‌ರೈಡರ್, ಕುದುರೆ ಹೆಜ್ಜೆಯಲ್ಲೇ ಒಂದೇ ದಿಕ್ಕಿಗೆ ಮುಂದೆ ಮುಂದೆ ಓಡುವ ಕಾಯಿ. ನಾನು ಒಂದು ಸಂಜೆ ಇಡೀ ವಿಚಿತ್ರ ಉತ್ತರ ನೋಡಿ ನೋಡಿ ಸುಸ್ತಾದ್ದು ಇದ್ರಿಂದ್ಲೇ. ಹಾಗೇ ನಾವು ಬಿಷಪ್ಪಿಗೆ ಒಂಟೆ ಅಂತೇವೆ, ಇಲ್ಲಿ ಕ್ಯಾಮೆಲ್ ಅಂದ್ರೆ ಬೇರೆಯೇ, ಒಂದು ಕಡೆಗೆ ಮೂರು ಮನೆ, ಅಡ್ಡ ಒಂದು ಮನೆ ಹಾರುವ ಕಾಯಿ. ಆದ್ರೆ ಅದು ಸಹ ನಮ್ಮ ಒಂಟೆಯ ಹಾಗೆ ಒಂದೇ ಬಣ್ಣದ ಮನೆ ಬಿಟ್ಟು ಹೋಗುದಿಲ್ಲ.

ರೂಲ್ಸ್ ಬದಲಾಯಿಸ್ಲಿಕ್ಕೆ ಕಂಡೀಶನ್ ಅಂತ ಒಂದು ಲೈನ್ ಸೇರಿಸಿದ್ರೆ ಸಾಕು. ನನಗೆ ತುಂಬ ಇಷ್ಟ ಆದದ್ದು ಮದ್ರಾಸಿ ಅನ್ನುವ ಕಂಡೀಶನ್. ಇದನ್ನು 1979ರಲ್ಲಿ ಕಂಡುಹಿಡಿದದ್ದು ನಮ್ಮ ದೇಶದ ಅಬ್ದುಲ್ ಜಬ್ಬಾರ್ ಕರ್ವಾಟ್ಕರ್, ಇದು ನಮ್ಮವರಿಗೇ ಗೊತ್ತಿಲ್ಲ ಅಂತ ಬೇಜಾರಾಗ್ತದೆ. ಬಿಳಿ ಆನೆಯೂ ಕಪ್ಪು ಆನೆಯೂ ಒಂದನ್ನೊಂದು ನೋಡುವ ಹಾಗೆ ಬಂದ್ರೆ ಎರಡೂ ಕಲ್ಲಾಗ್ತವೆ, ಸಪೂರ ಓಣಿಯಲ್ಲಿ ಎರಡು ಬಸ್ಸು ಎದುರುಬದುರಾದ ಹಾಗೆ, ಚಲಿಸ್ಲಿಕ್ಕೂ ಇಲ್ಲ, ಚೆಕ್ ಕೊಡ್ಲಿಕ್ಕೂ ಇಲ್ಲ. ಸರ್ಸಿ ಅಂತ ಇನ್ನೊಂದು ಕಂಡೀಶನ್ ಉಂಟು, ಅದ್ರಲ್ಲಿ ಕಡಿದ ಕಾಯಿ ತನ್ನ ಮೊದಲ ಮನೆಯಲ್ಲಿ ಮತ್ತೆ ಹುಟ್ಟಿ ಬರುದು.

ಕೊರತೆ ಹೇಳ್ಬೇಕಾದ್ರೆ, ಮೌಸಲ್ಲಿ ಕಾಯಿ ಎಳೆದು ಇಡುವ ಬೋರ್ಡ್ ಇದ್ರಲ್ಲಿ ಇಲ್ಲ, ಬರೀ ಅಕ್ಷರ. ಫೈಲಲ್ಲಿ ಟೈಪ್ ಮಾಡಿ ಕೊಡ್ಬೇಕು, ಬೋರ್ಡಿನ ಚಿತ್ರ ಸಹ ಅಕ್ಷರದಲ್ಲೇ ಬರ್ತದೆ. ಕಂಪ್ಯೂಟರ್ ಅಭ್ಯಾಸ ಇಲ್ಲದ ಹಿರಿಯರಿಗೆ ಕಷ್ಟ, ಪಕ್ಕದಲ್ಲಿ ಕೂತು ಒಂದ್ಸಲ ತೋರಿಸ್ಬೇಕು. ನಡೆ ಜಾಸ್ತಿ ಆದ ಹಾಗೆ ಸಮಯ ಸಹ ವಿಪರೀತ ಏರ್ತದೆ, ನಡುವೆ ಕರೆಂಟ್ ಹೋದ್ರೆ ಮತ್ತೆ ಸುರುವಿಂದ. ಆದ್ರೂ ಐದಕ್ಕೆ ಐದು ಸ್ಟಾರ್ ಕೊಡ್ತೇನೆ. ನಿನ್ನೆ ರಾತ್ರಿ ಒಂದು ಮದ್ರಾಸಿ ಓಡ್ಲಿಕ್ಕೆ ಬಿಟ್ಟು ಮಲಗಿದ್ದೆ, ಬೆಳಿಗ್ಗೆ ಚಾ ಹಿಡ್ಕೊಂಡು ಹೋಗಿ ನೋಡಿದ್ರೆ ಮತ್ತೆ ಎರಡು ಉತ್ತರ, ಈಗ ಆ ಎರಡನೇದ್ದನ್ನು ಮುಚ್ಚುವ ಕೆಲ್ಸ ನಡೀತಾ ಉಂಟು.